ಹುಟ್ಟದ ಮಗನ ಆಸ್ತಿ: ರೋಮಿನ ಕ್ಯೂರಿಯಸ್ ದಾವೆಯ ಪ್ರಕರಣ ಅಧ್ಯಯನ

ಕ್ರಿ.ಪೂ. 93ರ ಆಸುಪಾಸಿನಲ್ಲಿ ರೋಮಿನ ಶತಪುರುಷ ನ್ಯಾಯಾಲಯದ ಮುಂದೆ ಒಂದು ಉಯಿಲಿನ ವ್ಯಾಜ್ಯ ಬಂತು. ಉಯಿಲು ಮಾಡಿದ ಗೃಹಸ್ಥನಿಗೆ ಅದನ್ನು ಬರೆಸುವಾಗ ಮಕ್ಕಳಿರಲಿಲ್ಲ, ಆದರೆ ಹುಟ್ಟುವ ನಿರೀಕ್ಷೆಯಿತ್ತು. ಹತ್ತು ತಿಂಗಳೊಳಗೆ ತನಗೊಬ್ಬ ಮಗ ಹುಟ್ಟಿದರೆ ಅವನೇ ವಾರಸುದಾರನಾಗಬೇಕು, ಆ ಮಗ ಪಾಲಕರ ಅಧೀನದಿಂದ ಬಿಡುಗಡೆ ಹೊಂದುವ ವಯಸ್ಸಿಗೆ ಬರುವ ಮೊದಲೇ ತೀರಿಕೊಂಡರೆ ಮಾನಿಯಸ್ ಕ್ಯೂರಿಯಸ್ ಎಂಬಾತ ವಾರಸುದಾರನಾಗಬೇಕು ಎಂದು ಅವನು ಬರೆಸಿದ್ದ. ಗೃಹಸ್ಥ ಸತ್ತ, ಮಗ ಹುಟ್ಟಲೇ ಇಲ್ಲ. ಮಗ ಹುಟ್ಟಿ ಬದುಕಿದರೆ ಏನು, ಹುಟ್ಟಿ ಸತ್ತರೆ ಏನು ಎಂಬೆರಡಕ್ಕೂ ಉಯಿಲಿನಲ್ಲಿ ಉತ್ತರವಿತ್ತು. ಹುಟ್ಟದಿದ್ದರೆ ಏನು ಎಂಬುದಕ್ಕೆ ಒಂದಕ್ಷರವೂ ಇರಲಿಲ್ಲ.

ಆಸ್ತಿ ತನ್ನದೆಂದು ಕ್ಯೂರಿಯಸ್ ಹೇಳಿದ. ಮಾರ್ಕಸ್ ಕೊಪೋನಿಯಸ್ ಅದನ್ನು ಒಪ್ಪಲಿಲ್ಲ. ಉಯಿಲು ಬಿದ್ದುಹೋದರೆ ಆಸ್ತಿ ಸೇರಬೇಕಾಗಿದ್ದುದು ಈ ಕೊಪೋನಿಯಸನಿಗೆ. ಹನ್ನೆರಡು ಫಲಕಗಳ ಹಳೆಯ ಶಾಸನದ ಪ್ರಕಾರ, ಉಯಿಲಿಲ್ಲದೆ ಸತ್ತವನ ಆಸ್ತಿ ಮೊದಲು ಅವನ ಅಧಿಕಾರದಲ್ಲಿದ್ದ ಮಕ್ಕಳಿಗೆ ಹೋಗುತ್ತಿತ್ತು, ಅವರಿಲ್ಲದಿದ್ದರೆ ಗಂಡುಸಂತತಿಯ ಮೂಲಕ ಹತ್ತಿರದವನಾದ ದಾಯಾದಿಗೆ. ಉಯಿಲಿನಲ್ಲಿ ಹೆಸರಿಸಿದ ವಾರಸುದಾರರಲ್ಲಿ ಒಬ್ಬರೂ ನಿಲ್ಲದಿದ್ದರೆ ಅದರಲ್ಲಿ ಬರೆದ ದತ್ತಿಗಳು, ಗುಲಾಮರ ಬಿಡುಗಡೆಗಳು, ಪಾಲಕರ ನೇಮಕ ಎಲ್ಲವೂ ಒಟ್ಟಿಗೆ ಬಿದ್ದುಹೋಗುತ್ತಿದ್ದವು. ಹಾಗಾಗಿ ಈ ದಾವೆಯಲ್ಲಿ ಅರ್ಧರ್ಧ ಹಂಚಿಕೊಳ್ಳುವ ಮಾತಿಗೆ ಎಡೆಯಿರಲಿಲ್ಲ. ಉಯಿಲು ಉಳಿದರೆ ಕ್ಯೂರಿಯಸ್, ಅಳಿದರೆ ಕೊಪೋನಿಯಸ್.

ಇಂಥ ಷರತ್ತನ್ನು ಉಯಿಲಿನಲ್ಲಿ ಏಕೆ ಬರೆಸುತ್ತಿದ್ದರು ಎಂಬುದನ್ನು ತಿಳಿಯದೆ ವಾದದ ತೂಕ ತಿಳಿಯುವುದಿಲ್ಲ. ರೋಮನ್ನರು ಎರಡು ಬಗೆಯ ಬದಲಿ ವಾರಸುದಾರರನ್ನು ನೇಮಿಸುತ್ತಿದ್ದರು. ಮೊದಲನೆಯದು ಸಾಮಾನ್ಯ ಬದಲಿ: ಹೆಸರಿಸಿದವನು ಯಾವುದೇ ಕಾರಣಕ್ಕೆ ವಾರಸುದಾರನಾಗದಿದ್ದರೆ ಇನ್ನೊಬ್ಬ. ಎರಡನೆಯದು ಅಪ್ರಾಪ್ತನಿಗೆ ಬದಲಿ: ಮಗ ವಾರಸುದಾರನಾದ, ಆದರೆ ಸ್ವಂತವಾಗಿ ಉಯಿಲು ಮಾಡುವ ವಯಸ್ಸು ತಲುಪುವ ಮೊದಲೇ ಸತ್ತ ಎಂದಾದರೆ, ಅವನ ಕೈಯಲ್ಲಿದ್ದ ಆಸ್ತಿ ಯಾರಿಗೆ ಎಂಬುದನ್ನು ತಂದೆಯೇ ಮೊದಲು ಹೇಳಿಡುವುದು. ಮಕ್ಕಳ ಮರಣ ದಿನನಿತ್ಯದ ಸಂಗತಿಯಾಗಿದ್ದ ಕಾಲದಲ್ಲಿ ಈ ಎರಡನೆಯ ಬಗೆಯ ಉಪಯೋಗವನ್ನು ವಿವರಿಸಬೇಕಾಗಿಲ್ಲ.

ಕ್ರಿ.ಶ. ಎರಡನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಗಾಯಸ್ ಈ ಎರಡನೆಯ ಬಗೆಯ ಬಗ್ಗೆ ಕೊಡುವ ವಿವರ ನಿಂತು ನೋಡತಕ್ಕದ್ದು. ಮಗು ಸತ್ತರೆ ಆಸ್ತಿ ಸಿಗುವುದು ಯಾರಿಗೆ ಎಂಬುದು ಮೊದಲೇ ಬಹಿರಂಗವಾದರೆ, ತಂದೆ ಸತ್ತ ಮೇಲೆ ಆ ಮಗುವಿನ ಜೀವಕ್ಕೆ ಸಂಚು ನಡೆಯಬಹುದು. ಆದ್ದರಿಂದ ಸಾಮಾನ್ಯ ಬದಲಿಯನ್ನು ಉಯಿಲಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದು, ಅಪ್ರಾಪ್ತನ ಬದಲಿಯನ್ನು ಕೆಳಗಿನ ಪ್ರತ್ಯೇಕ ಫಲಕಗಳ ಮೇಲೆ ಬರೆಯುವ ರೂಢಿಯಿತ್ತು. ಆ ಫಲಕಗಳಿಗೆ ಅವುಗಳದ್ದೇ ದಾರ, ಅವುಗಳದ್ದೇ ಅರಗಿನ ಮುದ್ರೆ. ಮಗ ಬದುಕಿದ್ದು ಪ್ರಾಯಕ್ಕೆ ಬರುವ ತನಕ ಕೆಳಗಿನ ಫಲಕಗಳನ್ನು ಬಿಚ್ಚಕೂಡದೆಂದು ಮೇಲಿನ ಫಲಕಗಳಲ್ಲಿ ಎಚ್ಚರಿಕೆಯನ್ನೂ ಬರೆಯುತ್ತಿದ್ದರು. ಇದನ್ನು ಒಂದರ್ಥದಲ್ಲಿ ಎರಡು ಉಯಿಲು ಎನ್ನಬಹುದು, ತಂದೆಯದೊಂದು, ಮಗನದೊಂದು. ಅಲ್ಲವಾದರೆ ಎರಡು ಆಸ್ತಿಗಳಿಗೆ ಸಂಬಂಧಿಸಿದ ಒಂದೇ ಉಯಿಲು ಎನ್ನಬೇಕು ಎಂದು ಗಾಯಸ್ ಹೇಳುತ್ತಾನೆ. ಕ್ಯೂರಿಯಸನ ಕಾಲಕ್ಕೆ ಈ ಸಿದ್ಧಾಂತ ಇಷ್ಟು ಸ್ಫುಟವಾಗಿ ರೂಪುಗೊಂಡಿತ್ತೆಂದು ಹೇಳಲಾಗದಿದ್ದರೂ, ಕೊಪೋನಿಯಸನ ಪಕ್ಷದ ವಾದಕ್ಕೆ ಬಲ ಬರುವುದು ಇಲ್ಲಿಂದಲೇ. ಮಗನ ಆಸ್ತಿಗೆ ಮಾಡಿದ ಏರ್ಪಾಟು, ಮಗನೇ ಇಲ್ಲದಿರುವಾಗ, ಯಾವ ಆಸ್ತಿಯ ಮೇಲೆ ನಡೆಯಬೇಕು? ಇದನ್ನು ಬರಿಯ ಅಕ್ಷರಹಿಡುಕತನವೆಂದು ತಳ್ಳಿಹಾಕುವವರು ಈ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ.

ಶತಪುರುಷರ ನ್ಯಾಯಾಲಯ ಹೆಸರಿಗೆ ನೂರು ಜನರದ್ದು. ರೋಮಿನ 35 ಗಣಗಳಿಂದ ತಲಾ ಮೂವರಂತೆ ವಾಸ್ತವದಲ್ಲಿ 105 ಜನ. ಸ್ವಾಮ್ಯದ ಗುರುತಾಗಿ ಅಲ್ಲಿ ಒಂದು ಭರ್ಜಿಯನ್ನು ನಿಲ್ಲಿಸುತ್ತಿದ್ದರು. ಉತ್ತರಾಧಿಕಾರದ ದೊಡ್ಡ ವ್ಯಾಜ್ಯಗಳಿಗೆ ಅದೇ ವೇದಿಕೆ. ತೀರ್ಪುಗಾರರು ಸಾಮಾನ್ಯ ನಾಗರಿಕರೇ ಹೊರತು ಕಾನೂನು ಪಂಡಿತರಲ್ಲ. ಅವರು ಮತ ಹಾಕುತ್ತಿದ್ದರು, ಕಾರಣ ಬರೆಯುತ್ತಿರಲಿಲ್ಲ.

ಎರಡೂ ಕಡೆಯ ವಕೀಲರನ್ನು ನೋಡಿದರೆ ಜನ ಏಕೆ ಕಿಕ್ಕಿರಿದು ಸೇರಿದ್ದರೆಂದು ತಿಳಿಯುತ್ತದೆ. ಕೊಪೋನಿಯಸನ ಪರ ಕ್ವಿಂಟಸ್ ಮ್ಯೂಸಿಯಸ್ ಸ್ಕೇವೊಲಾ, ಕ್ಯೂರಿಯಸನ ಪರ ಲೂಸಿಯಸ್ ಲಿಸಿನಿಯಸ್ ಕ್ರಾಸಸ್. ಇಬ್ಬರೂ ಕ್ರಿ.ಪೂ. 95ರಲ್ಲಿ ಜೊತೆಯಾಗಿ ರೋಮಿನ ಅತ್ಯುನ್ನತ ಅಧಿಕಾರವಾದ ಕಾನ್ಸಲ್ ಪದವಿಯಲ್ಲಿದ್ದವರು. ಸ್ಕೇವೊಲಾ ರೋಮಿನ ನಾಗರಿಕ ಕಾನೂನನ್ನು ಮೊತ್ತಮೊದಲಿಗೆ ವರ್ಗೀಕರಿಸಿ 18 ಸಂಪುಟಗಳಲ್ಲಿ ಬರೆದವನು. ಕ್ರಾಸಸ್ ಆ ಪೀಳಿಗೆಯ ಶ್ರೇಷ್ಠ ವಾಗ್ಮಿ. ನ್ಯಾಯಶಾಸ್ತ್ರಜ್ಞರಲ್ಲಿ ಅತ್ಯಂತ ವಾಕ್ಚತುರ ಸ್ಕೇವೊಲಾ, ವಾಗ್ಮಿಗಳಲ್ಲಿ ಅತ್ಯಂತ ಕಾನೂನು ಬಲ್ಲವನು ಕ್ರಾಸಸ್ ಎಂಬ ಮಾತು ಆಗಲೇ ಪ್ರಚಾರದಲ್ಲಿತ್ತು. ಈ ಮಾತು ಕೇಳಲು ಸೊಗಸು, ಆದರೆ ದಾವೆಯನ್ನು ಶಾಸ್ತ್ರಕ್ಕೂ ವಾಕ್ಚಾತುರ್ಯಕ್ಕೂ ನಡೆದ ಮಲ್ಲಯುದ್ಧವಾಗಿ ನೋಡುವ ಅಭ್ಯಾಸಕ್ಕೆ ಇದೂ ಒಂದು ಕಾರಣ.

ಮೊದಲು ಸ್ಕೇವೊಲಾ ಮಾತಾಡಿದ. ಸಂತಾನ ಹುಟ್ಟಿ, ಬಳಿಕ ಪ್ರಾಯಕ್ಕೆ ಮುನ್ನ ಸತ್ತಿದ್ದರೆ ಮಾತ್ರ ಕ್ಯೂರಿಯಸ್ ವಾರಸುದಾರ. ಈ ಎರಡು ಘಟನೆಗಳಲ್ಲಿ ಒಂದೂ ನಡೆಯದಿರುವಾಗ ಅವನ ಹಕ್ಕು ಹುಟ್ಟುವುದೇ ಇಲ್ಲ. ಬರೆದದ್ದನ್ನು ಕಡೆಗಣಿಸಿ, ಬರೆಸಿದವನ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಹೊರಟರೆ ಜನಸಾಮಾನ್ಯರೇ ಬಲೆಗೆ ಬೀಳುತ್ತಾರೆ, ಸರಳ ಜನ ಬರೆಸಿಟ್ಟದ್ದನ್ನು ಮಾತುಬಲ್ಲವರು ವ್ಯಾಖ್ಯಾನದ ನೆಪದಲ್ಲಿ ತಿರುಚಿಹಾಕುತ್ತಾರೆ ಎಂದು ಅವನು ಎಚ್ಚರಿಸಿದ. ತನ್ನ ತಂದೆಯೂ, ಅಂದರೆ ಕ್ರಿ.ಪೂ. 133ರ ಕಾನ್ಸಲ್ ಆಗಿದ್ದ ಪಬ್ಲಿಯಸ್ ಸ್ಕೇವೊಲಾನೂ, ಸದಾ ಇದೇ ಅಭಿಪ್ರಾಯವನ್ನು ಎತ್ತಿಹಿಡಿದಿದ್ದನೆಂದು ನೆನಪಿಸಿದ. ಈ ವಾದದಲ್ಲಿ ಒಂದು ಸಾಮಾಜಿಕ ಕಾಳಜಿ ಇದೆಯೆಂಬುದನ್ನು ಗಮನಿಸಬೇಕು. ಅಕ್ಷರಕ್ಕೆ ಅಂಟಿಕೊಳ್ಳುವುದು ಬಡವನ ವಿರುದ್ಧದ ಕ್ರೌರ್ಯವೆಂದು ನಾವು ಎಣಿಸುತ್ತೇವೆ. ಒಳ್ಳೆಯ ವಕೀಲನನ್ನು ಹಿಡಿಯಲಾರದವನಿಗೆ ಅಕ್ಷರವೇ ರಕ್ಷೆಯೆಂದು ಸ್ಕೇವೊಲಾ ಎಣಿಸಿದ್ದ.

ಕ್ರಾಸಸ್ ಎದ್ದು ನಿಂತು ಒಂದು ಕಥೆಯಿಂದ ಶುರುಮಾಡಿದ. ಹುಡುಗನೊಬ್ಬ ಕಡಲ ದಂಡೆಯಲ್ಲಿ ಅಡ್ಡಾಡುವಾಗ ಅವನಿಗೆ ದೋಣಿಯ ಹುಟ್ಟನ್ನು ಸಿಕ್ಕಿಸುವ ಒಂದು ಗೂಟ ಸಿಕ್ಕಿತಂತೆ, ಅಷ್ಟಕ್ಕೇ ಅವನಿಗೆ ಇಡೀ ಹಡಗನ್ನೇ ಕಟ್ಟುವ ಆಸೆ ಹುಟ್ಟಿತಂತೆ. ಸ್ಕೇವೊಲಾನೂ ಮಾತಿನ ಒಂದು ಕೊಕ್ಕೆಯ ಗೂಟವನ್ನು ಹಿಡಿದು ಶತಪುರುಷರ ಮುಂದೆ ಉತ್ತರಾಧಿಕಾರದ ದಾವೆಯನ್ನೇ ಕಟ್ಟಿದ್ದಾನೆ ಎಂದ. ಸಭೆ ನಕ್ಕಿತು. ನಂತರ ನೇರವಾಗಿ ಸ್ಕೇವೊಲಾನತ್ತ ತಿರುಗಿ, ನೀನು ಬರೆದುಕೊಟ್ಟದ್ದಲ್ಲದೆ ಬೇರೆ ಯಾವ ಉಯಿಲೂ ಸರಿಯಲ್ಲವೆಂದಾದರೆ ನಾವು ನಾಗರಿಕರೆಲ್ಲ ಫಲಕ ಹಿಡಿದು ನಿನ್ನ ಮನೆಗೇ ಬರುತ್ತೇವೆ, ಎಲ್ಲರ ಉಯಿಲನ್ನೂ ನೀನೊಬ್ಬನೇ ಬರೆ. ಆಮೇಲೆ ರಾಜ್ಯದ ಕೆಲಸ ನೋಡುವುದು ಯಾವಾಗ, ಗೆಳೆಯರ ಕೆಲಸ ಯಾವಾಗ, ನಿನ್ನ ಕೆಲಸ ಯಾವಾಗ, ಕೊನೆಗೆ ಸುಮ್ಮನೆ ಕೂರುವುದಾದರೂ ಯಾವಾಗ ಎಂದು ಕೇಳಿದ. ಗಮನಿಸಿದರೆ ಇದು ಬರಿಯ ತಮಾಷೆಯಲ್ಲ. ಸರಳ ಜನರ ಪರ ನಿಂತವರು ಯಾರು ಎಂಬ ಪ್ರಶ್ನೆಯನ್ನು ಇದು ಸ್ಕೇವೊಲಾನ ಕೈಯಿಂದ ಕಿತ್ತುಕೊಳ್ಳುತ್ತದೆ: ನಿನ್ನ ನಿಯಮ ನಡೆದರೆ ಪಂಡಿತನ ನೆರವಿಲ್ಲದ ಉಯಿಲು ಒಂದೂ ಉಳಿಯದು.

ಹಾಸ್ಯದ ಹಿಂದೆ ಇದ್ದ ಕಾನೂನಿನ ವಾದ ಹೀಗಿತ್ತು. ಪ್ರಾಯಕ್ಕೆ ಬರುವ ಮಗ ತನಗಿಲ್ಲವಾದರೆ ಆಸ್ತಿ ಕ್ಯೂರಿಯಸನಿಗೆ ಸೇರಲಿ ಎಂಬುದೇ ಉಯಿಲು ಮಾಡಿದವನ ಮನಸ್ಸು; ಮಗ ಹುಟ್ಟಿ ಸತ್ತದ್ದರಿಂದ ಇಲ್ಲವಾದನೋ, ಹುಟ್ಟದೆಯೇ ಇಲ್ಲವಾದನೋ ಎಂಬುದರಿಂದ ಆ ಮನಸ್ಸು ಬದಲಾಗಲು ಕಾರಣವಿಲ್ಲ. ಹುಟ್ಟಿ ಒಂದು ದಿನ ಬದುಕಿ ಸತ್ತ ಮಗನ ನಂತರ ಕ್ಯೂರಿಯಸನಿಗೆ ಆಸ್ತಿ ಸಲ್ಲಬೇಕೆಂದೂ, ಮಗನೇ ಹುಟ್ಟದಿದ್ದರೆ ಅದೇ ಕ್ಯೂರಿಯಸನಿಗೆ ಏನೂ ಸಲ್ಲಬಾರದೆಂದೂ ಒಬ್ಬನೇ ಮನುಷ್ಯ ಒಂದೇ ಉಸಿರಿನಲ್ಲಿ ಬಯಸಿರಲಾರ. ಹೀಗೆ ಪೂರ್ವಪಕ್ಷವನ್ನು ಅಸಂಗತಕ್ಕೆ ತಂದು ನಿಲ್ಲಿಸುವ ದಾರಿ ನ್ಯಾಯಶಾಸ್ತ್ರಜ್ಞರಿಗೂ ಪರಿಚಿತವಾದದ್ದೇ. ಕ್ರಾಸಸ್ ಹೋಲಿಕೆಯ ಉದಾಹರಣೆಗಳನ್ನು ಒಂದರ ಮೇಲೊಂದು ತಂದು ಗೆದ್ದನೆಂದೂ, ನೀವು ಪಂಡಿತರು ಅಭಿಪ್ರಾಯ ಕೊಡುವಾಗ ಬಳಸುವುದೂ ಇದನ್ನೇ ಎಂದೂ ರೋಮಿನ ಪ್ರಸಿದ್ಧ ವಾಗ್ಮಿ ಸಿಸೆರೊ ಮುಂದೆ ಕ್ರಿ.ಪೂ. 44ರಲ್ಲಿ ನ್ಯಾಯಶಾಸ್ತ್ರಜ್ಞ ಟ್ರೆಬೇಷಿಯಸನಿಗೆ ಬರೆದ.

ತೀರ್ಪು ಕ್ಯೂರಿಯಸನ ಪರವಾಯಿತು.

ಈಗ ಆಧಾರಗಳ ಮಾತು. ಈ ದಾವೆಯ ಬಗ್ಗೆ ನಮಗೆ ತಿಳಿದಿರುವುದೆಲ್ಲ ಹೆಚ್ಚುಕಡಿಮೆ ಸಿಸೆರೊ ಒಬ್ಬನ ಬಾಯಿಂದ, ಅವನೋ ಎಳವೆಯಲ್ಲಿ ಕ್ರಾಸಸನ ನೆರಳಿನಲ್ಲಿ ಬೆಳೆದವನು. ಕ್ರಾಸಸ್ ಕ್ರಿ.ಪೂ. 91ರಲ್ಲಿ ತೀರಿಕೊಂಡ, ಸ್ಕೇವೊಲಾ ಕ್ರಿ.ಪೂ. 82ರ ಅಂತರ್ಯುದ್ಧದಲ್ಲಿ ಕೊಲೆಯಾದ. ಸಿಸೆರೊ ಮಾತ್ರ ಈ ದಾವೆಯನ್ನು ದಶಕಗಳ ಕಾಲ ಬೇರೆ ಬೇರೆ ಸಂದರ್ಭಗಳಲ್ಲಿ ಎತ್ತುತ್ತಲೇ ಹೋದ, ಪ್ರತಿ ಸಲವೂ ಅವನಿಗೆ ಬೇಕಾದ ಮುಖವನ್ನೇ ತೋರಿಸಿದ. ಕ್ರಿ.ಪೂ. 55ರ ಸಂವಾದಗ್ರಂಥದಲ್ಲಿ ಕ್ರಾಸಸನ ಬಾಯಲ್ಲಿ ಇದು ವಾಗ್ಮಿಗೆ ಕಾನೂನು ಜ್ಞಾನ ಬೇಕೇಬೇಕೆಂಬುದಕ್ಕೆ ಸಾಕ್ಷಿ. ಅದೇ ಗ್ರಂಥದಲ್ಲಿ ಇನ್ನೊಬ್ಬ ವಾಗ್ಮಿ ಆಂಟೋನಿಯಸ್ ಎದ್ದು, ಇಲ್ಲ, ನೀನು ಗೆದ್ದದ್ದು ಹಾಸ್ಯದಿಂದ, ಸೌಜನ್ಯದಿಂದ, ಕಾನೂನಿನಿಂದಲ್ಲ ಎನ್ನುತ್ತಾನೆ. ಕ್ರಿ.ಪೂ. 46ರ ವಾಗ್ಮಿಗಳ ಇತಿಹಾಸದಲ್ಲಿ ಇದು ಒಂದು ಭಾಷಣ ಇನ್ನೊಂದನ್ನು ಹೇಗೆ ಮಸುಕುಗೊಳಿಸಿತು ಎಂಬುದರ ನಿದರ್ಶನ.

ಇವೆಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷ್ಯ, ನನ್ನ ದೃಷ್ಟಿಯಲ್ಲಿ, ಕ್ರಿ.ಪೂ. 69ರಲ್ಲಿ ಕೆಸೀನಾ ಎಂಬವನ ಪರ ಸಿಸೆರೊ ಮಾಡಿದ ವಾದದಲ್ಲಿದೆ. ನ್ಯಾಯಾಲಯ ನ್ಯಾಯಶಾಸ್ತ್ರಜ್ಞರ ಮಾತಿಗೆ ಕಟ್ಟುಬೀಳಬೇಕಿಲ್ಲ ಎಂಬ ಎದುರಾಳಿಯ ಮಾತಿಗೆ ಸಿಸೆರೊ ಅಲ್ಲಿ ಉತ್ತರ ಕೊಡಬೇಕಾಗಿತ್ತು. ಕ್ರಾಸಸ್ ಶತಪುರುಷರ ಮುಂದೆ ಪಂಡಿತರ ವಿರುದ್ಧ ವಾದಿಸಲಿಲ್ಲ. ಸ್ಕೇವೊಲಾ ಎತ್ತಿಹಿಡಿದದ್ದು ಕಾನೂನೇ ಅಲ್ಲವೆಂದು ತೋರಿಸಿಕೊಟ್ಟ. ಅದಕ್ಕೆ ತರ್ಕವನ್ನಷ್ಟೇ ಅಲ್ಲ, ತನ್ನ ಮಾವನಾದ ಇನ್ನೊಬ್ಬ ಕ್ವಿಂಟಸ್ ಮ್ಯೂಸಿಯಸನನ್ನೂ ಇತರ ಅನೇಕ ಪಂಡಿತರನ್ನೂ ಪ್ರಮಾಣವಾಗಿ ತಂದ ಎಂದು ಅವನು ಹೇಳುತ್ತಾನೆ. ಸಿಸೆರೊಗೆ ಆ ದಿನ ಹೀಗೆ ಹೇಳುವುದರಿಂದ ಲಾಭವಿತ್ತು, ನಿಜ. ಆದರೆ ದಾವೆ ನಡೆದು ಇಪ್ಪತ್ತೈದು ವರ್ಷವೂ ಆಗಿರಲಿಲ್ಲ, ನೆನಪಿದ್ದವರು ಇನ್ನೂ ಬದುಕಿದ್ದರು. ಮಾವನ ಹೆಸರಿನ ಬಗ್ಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸುಲಭವಿರಲಿಲ್ಲ. ಹಾಗಿದ್ದರೆ ಮ್ಯೂಸಿಯಸ್ ಮನೆತನದೊಳಗೇ ಈ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ತಂದೆಯ ಅಭಿಪ್ರಾಯವನ್ನು ಸ್ಕೇವೊಲಾ ಅಷ್ಟು ಒತ್ತಿ ಹೇಳಿದ್ದೂ ಅದಕ್ಕೇ ಇರಬೇಕು. ಇತ್ಯರ್ಥವಾದ ನಿಯಮಕ್ಕೆ ಯಾರೂ ತಂದೆಯನ್ನು ಸಾಕ್ಷಿ ಕರೆಯುವುದಿಲ್ಲ.

ಆಧುನಿಕ ಅಧ್ಯಯನದಲ್ಲಿ ಈ ದಾವೆಗೆ ಹೊಸ ಕಾವು ಬಂದದ್ದು 1926ರಲ್ಲಿ. ಗ್ರೀಕ್ ಅಲಂಕಾರಶಾಸ್ತ್ರದ ಶಾಲೆಗಳಲ್ಲಿ ಕಲಿಸುತ್ತಿದ್ದ ಅಕ್ಷರ ಮತ್ತು ಆಶಯಗಳ ಪ್ರತಿಪಕ್ಷ ವಾದವೇ ರೋಮನ್ ಕಾನೂನಿನ ಹಳೆಯ ಅಕ್ಷರನಿಷ್ಠೆಯನ್ನು ಮುರಿಯಿತು, ಕ್ಯೂರಿಯಸ್ ದಾವೆ ಅದರ ತಿರುವು ಎಂದು ಜರ್ಮನ್ ಭಾಷಾಶಾಸ್ತ್ರಜ್ಞ ಯೊಹಾನೆಸ್ ಸ್ಟ್ರೌಕ್ಸ್ ಪ್ರತಿಪಾದಿಸಿದ. ರೋಮನ್ ಕಾನೂನಿನ ವಿದ್ವಾಂಸರಲ್ಲಿ ಹಲವರು ಇದನ್ನು ಒಪ್ಪಲಿಲ್ಲ, ವಾದವಿವಾದ ದಶಕಗಳ ಕಾಲ ಮುಂದುವರಿಯಿತು; 1967ರಲ್ಲಿ ಫ್ರಾನ್ಜ್ ವಿಯಾಕರ್ ದಾವೆಯನ್ನು ಆ ಕಾಲದ ನ್ಯಾಯಶಾಸ್ತ್ರದ ಒಳಗಿಟ್ಟು ಮತ್ತೆ ಪರಿಶೀಲಿಸಿದ. ಶಾಲೆಗಳಲ್ಲಿ ಈ ವಿಷಯ ಪಾಠವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಸಿಸೆರೊ ತಾರುಣ್ಯದಲ್ಲಿ ಬರೆದ ಅಲಂಕಾರದ ಕೈಪಿಡಿಯಲ್ಲಿ, ಹೆಸರುಗಳನ್ನು ತೆಗೆದು, ಇದೇ ಉಯಿಲನ್ನು ಅಭ್ಯಾಸದ ಸಮಸ್ಯೆಯಾಗಿ ಕೊಟ್ಟಿದ್ದಾನೆ. ಆದರೆ ವಕೀಲ ಎಲ್ಲಿ ಕಲಿತ ಎಂಬುದರಿಂದ ಕಾನೂನು ಏಕೆ ಬದಲಾಯಿತೆಂಬುದು ಸಿದ್ಧವಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಒಂದು ತೀರ್ಪಿನಿಂದ ಕಾನೂನು ಬದಲಾಯಿತೇ ಎಂಬುದನ್ನೇ ಮೊದಲು ಕೇಳಬೇಕು.

ಬದಲಾಗಲಿಲ್ಲ ಎಂದೇ ತೋರುತ್ತದೆ. ಕಾರಣ ಕೊಡದ 105 ಜನರ ಮತ ಮುಂದಿನ ದಾವೆಗೆ ಪೂರ್ವನಿದರ್ಶನವಾಗುತ್ತಿರಲಿಲ್ಲ; ನಾಳೆ ಇನ್ನೊಂದು ತಂಡ ಇನ್ನೊಂದು ರೀತಿ ಹೇಳಬಹುದಿತ್ತು. ಬದಲಾದದ್ದು ಉಯಿಲು ಬರೆಯುವವರ ಕೈ. ಗಾಯಸ್ ಕೊಡುವ ಮಾದರಿಯನ್ನು ನೋಡಿ: ನನ್ನ ಮಗ ಟೀಷಿಯಸ್ ನನಗೆ ವಾರಸುದಾರನಾಗಲಿ, ಅವನು ನನಗೆ ವಾರಸುದಾರನಾಗದಿದ್ದರೆ, ಅಥವಾ ವಾರಸುದಾರನಾಗಿ ಪಾಲಕರ ಅಧೀನದಿಂದ ಬಿಡುಗಡೆ ಹೊಂದುವ ಮೊದಲೇ ಸತ್ತರೆ, ಆಗ ಸೇಯಸ್ ವಾರಸುದಾರನಾಗಲಿ. ಕ್ಯೂರಿಯಸನ ಉಯಿಲಿನಲ್ಲಿ ಇಲ್ಲದೆ ಹೋದ ತುಂಡು ಇಲ್ಲಿ ಮೊದಲ ಷರತ್ತಾಗಿ ಕೂತಿದೆ. ಎರಡೂ ಸಾಧ್ಯತೆಗಳನ್ನು ಹೆಸರಿಸಿದ ಮೇಲೆ ಸ್ಕೇವೊಲಾನಿಗಾಗಲಿ ಕ್ರಾಸಸನಿಗಾಗಲಿ ವಾದಿಸಲು ಏನೂ ಉಳಿಯುವುದಿಲ್ಲ.

ಎಲ್ಲರೂ ಈ ಮಾದರಿಯನ್ನು ಅನುಸರಿಸಲಿಲ್ಲವೆಂಬುದು ಸ್ಪಷ್ಟ, ಏಕೆಂದರೆ ಸಾಮ್ರಾಟರಾದ ಮಾರ್ಕಸ್ ಅರೇಲಿಯಸ್ ಮತ್ತು ಲೂಸಿಯಸ್ ವೇರಸ್ ಜೊತೆಯಾಗಿ ಆಳುತ್ತಿದ್ದಾಗ, ಅಂದರೆ ಕ್ರಿ.ಶ. 161 ಮತ್ತು 169ರ ನಡುವೆ, ಈ ಬಗ್ಗೆ ಶಾಸನ ಹೊರಡಿಸಬೇಕಾಯಿತು. ತಂದೆ ಅಪ್ರಾಪ್ತ ಮಗನಿಗೆ ಒಂದು ಸಂದರ್ಭಕ್ಕೆಂದು ಬದಲಿ ವಾರಸುದಾರನನ್ನು ನೇಮಿಸಿದರೆ, ಎರಡೂ ಸಂದರ್ಭಗಳಿಗೆ ನೇಮಿಸಿದನೆಂದೇ ತಿಳಿಯಬೇಕು. ಈ ನಿಯಮವನ್ನು ನಮಗೆ ಉಳಿಸಿಕೊಟ್ಟವನು ನ್ಯಾಯಶಾಸ್ತ್ರಜ್ಞ ಮೊಡೆಸ್ಟೈನಸ್. ಅವನ ಮಾತು ಸಾಮ್ರಾಟ ಜಸ್ಟಿನಿಯನ್ನನು ಹಳೆಯ ನ್ಯಾಯಶಾಸ್ತ್ರಜ್ಞರ ಬರಹಗಳಿಂದ ಮಾಡಿಸಿದ ಸಂಕಲನವಾದ ಡೈಜೆಸ್ಟ್‌ನಲ್ಲಿ ಸೇರಿದೆ. ಕ್ರಾಸಸ್ ಒಂದು ದಿನದಲ್ಲಿ ಗೆದ್ದದ್ದು ನಿಯಮವಾಗಲು ಎರಡೂವರೆ ಶತಮಾನ ಹಿಡಿಯಿತು. ಅದೇ ಮಾರ್ಕಸ್ ಅರೇಲಿಯಸನ ಕಾಲದ ಮಾರ್ಸೆಲಸ್ ಎಂಬ ನ್ಯಾಯಶಾಸ್ತ್ರಜ್ಞ, ಉಯಿಲು ಮಾಡಿದವನ ಮನಸ್ಸು ಬೇರೆಯಿತ್ತೆಂಬುದು ಪ್ರತ್ಯಕ್ಷವಾಗಿದ್ದಾಗ ಹೊರತು ಮಾತುಗಳ ಅರ್ಥವನ್ನು ಬಿಟ್ಟು ಸರಿಯಕೂಡದು ಎಂದು ಬರೆದದ್ದನ್ನೂ ಪಕ್ಕದಲ್ಲಿಟ್ಟು ಓದಬೇಕು. ಸ್ಕೇವೊಲಾ ಪೂರ್ತಿಯಾಗಿ ಸೋತಿರಲಿಲ್ಲ.

ನಮ್ಮ ನ್ಯಾಯಾಲಯಗಳಲ್ಲಿ ಉಯಿಲಿನ ವ್ಯಾಜ್ಯ ನೋಡಿದವರಿಗೆ ಈ ಹೊತ್ತಿಗೆ ಏನೋ ಪರಿಚಿತವೆನಿಸಿರಬೇಕು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 129ನೇ ಕಲಮಿನ ಪ್ರಕಾರ, ಒಬ್ಬರಿಗೆ ಉಯಿಲಿನಿಂದ ಕೊಟ್ಟು, ಆ ಕೊಡುಗೆ ವಿಫಲವಾದರೆ ಅದನ್ನೇ ಇನ್ನೊಬ್ಬರಿಗೆ ಕೊಟ್ಟಿದ್ದರೆ, ಮೊದಲನೆಯದು ವಿಫಲವಾದದ್ದು ಉಯಿಲು ಮಾಡಿದವನು ಎಣಿಸಿದ್ದ ರೀತಿಯಲ್ಲಿ ಅಲ್ಲದಿದ್ದರೂ ಎರಡನೆಯ ಕೊಡುಗೆ ಜಾರಿಗೆ ಬರುತ್ತದೆ. ಕಲಮಿನ ಕೆಳಗಿರುವ ಮೊದಲ ದೃಷ್ಟಾಂತ ಕ್ಯೂರಿಯಸ್ ದಾವೆಯ ಪಡಿಯಚ್ಚಿನಂತಿದೆ: ಒಬ್ಬಾತ ತನ್ನ ನಂತರ ಉಳಿಯುವ ಮಕ್ಕಳಿಗೆ ಹಣ ಬರೆದಿಟ್ಟು, ಅವರೆಲ್ಲ ಹದಿನೆಂಟು ತುಂಬುವ ಮೊದಲೇ ಸತ್ತರೆ ಇನ್ನೊಬ್ಬನಿಗೆ ಎಂದು ಹೇಳುತ್ತಾನೆ, ಅವನಿಗೆ ಮಕ್ಕಳೇ ಆಗುವುದಿಲ್ಲ, ಹಣ ಆ ಇನ್ನೊಬ್ಬನಿಗೆ ಸಲ್ಲುತ್ತದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 27ನೇ ಕಲಮಿನಲ್ಲಿಯೂ ಇದೇ ತತ್ತ್ವವಿದೆ. ಇದು ರೋಮಿನಿಂದ ನೇರವಾಗಿ ಇಲ್ಲಿಗೆ ಇಳಿದು ಬಂತೆಂದು ಹೇಳುವುದು ಆತುರವಾದೀತು, ಏಕೆಂದರೆ ನಡುವೆ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯವಿದೆ. ಅಲ್ಲಿ 1711ರ ಜೋನ್ಸ್ ವಿರುದ್ಧ ವೆಸ್ಟ್‌ಕೂಂಬ್ ದಾವೆಯಲ್ಲಿ, ಹೆಂಡತಿ ಗರ್ಭಿಣಿಯೆಂದು ನಂಬಿ ಹುಟ್ಟಲಿರುವ ಮಗುವಿಗೆ ಆಸ್ತಿ ಬರೆದು, ಅದು ಇಪ್ಪತ್ತೊಂದು ತುಂಬುವ ಮೊದಲೇ ಸತ್ತರೆ ಬೇರೆಯವರಿಗೆ ಎಂದು ಗಂಡ ಹೇಳಿದ್ದ. ಆಕೆ ಗರ್ಭಿಣಿಯಾಗಿರಲೇ ಇಲ್ಲ. ಆಸ್ತಿ ಆ ಬೇರೆಯವರಿಗೇ ಸಲ್ಲಬೇಕೆಂದು ತೀರ್ಮಾನವಾಯಿತು.

129ನ್ನು ಓದಿ ಕ್ರಾಸಸ್ ಗೆದ್ದನೆಂದು ಪುಸ್ತಕ ಮುಚ್ಚುವಂತಿಲ್ಲ, ಏಕೆಂದರೆ ಮುಂದಿನ 130ನೇ ಕಲಮು ಸ್ಕೇವೊಲಾನಿಗೆ ಮೀಸಲು. ಮೊದಲ ಕೊಡುಗೆ ಒಂದು ನಿರ್ದಿಷ್ಟ ರೀತಿಯಲ್ಲಿ ವಿಫಲವಾದರೆ ಮಾತ್ರ ಎರಡನೆಯದು ನಡೆಯಬೇಕೆಂಬ ಉದ್ದೇಶ ಉಯಿಲಿನಿಂದಲೇ ಕಾಣುವಂತಿದ್ದರೆ, ಆ ರೀತಿಯಲ್ಲಿ ವಿಫಲವಾಗದ ಹೊರತು ಎರಡನೆಯದು ನಡೆಯದು. ಅಲ್ಲಿನ ದೃಷ್ಟಾಂತದಲ್ಲಿ ಗಂಡ ಹೆಂಡತಿಗೆ ಆಸ್ತಿ ಬರೆದು, ತಾನು ಬದುಕಿರುವಾಗಲೇ ಅವಳು ಸತ್ತರೆ ಇನ್ನೊಬ್ಬನಿಗೆ ಎಂದಿದ್ದಾನೆ. ಗಂಡಹೆಂಡಿರು ಒಟ್ಟಿಗೆ ಸಾಯುತ್ತಾರೆ, ಅವಳು ಮೊದಲು ಸತ್ತಳೆಂದು ತೋರಿಸಲು ದಾರಿಯಿಲ್ಲ. ಇನ್ನೊಬ್ಬನಿಗೆ ಏನೂ ಸಿಗುವುದಿಲ್ಲ. ಈ ದೃಷ್ಟಾಂತದ ಉಯಿಲಿನಲ್ಲಿ ಮಾತ್ರ ಎಂಬ ಮಾತು ಎಲ್ಲಿಯೂ ಇಲ್ಲದಿರುವುದನ್ನು ನೋಡಿದರೆ, 129 ಮತ್ತು 130ರ ನಡುವಿನ ಗೆರೆ ಎಷ್ಟು ತೆಳು ಎಂಬುದು ಗೊತ್ತಾಗುತ್ತದೆ. ಕೊಪೋನಿಯಸ್ ಇಂದು ಇಲ್ಲಿ ದಾವೆ ಹೂಡಿದರೆ ಅವನ ವಕೀಲ ಹಿಡಿಯಬೇಕಾದದ್ದು 130ನ್ನೇ, ಮತ್ತು ಮಗ ಹುಟ್ಟಿ ಸಾಯುವುದೊಂದನ್ನೇ ಉಯಿಲು ಷರತ್ತಾಗಿ ಇಟ್ಟಿತ್ತೆಂದು ಆ ಉಯಿಲಿನ ಮಾತುಗಳಿಂದಲೇ ತೋರಿಸಿಕೊಡುವ ಹೊರೆ ಅವನ ಮೇಲೆ ಬೀಳುತ್ತದೆ.